ಆಟಿಯ ಮಳೆ, ಶಿಕಾಗೊದ ಚಳಿ

ನಮ್ಮ ದಕ್ಷಿಣ ಕನ್ನಡದಲ್ಲಿ ಚಳಿಗಾಲ ಪಂಚಾಂಗದಲ್ಲಿ ಇರುವಷ್ಟು ಊರಿನಲ್ಲಿ ಇರುವುದಿಲ್ಲ. ಬಂಟ್ವಾಳದಲ್ಲಿ ಡಿಸೆಂಬರ್ ಬೆಳಗ್ಗೆ ನೇತ್ರಾವತಿಯ ಮೇಲೆ ನಾಲ್ಕು ಎಳೆ ಮಂಜು ಎದ್ದರೆ ಸಾಕು, ಪೇಟೆಯ ಹಿರಿಯರು ತಲೆಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಮೂಡುಬಿದಿರೆಯಲ್ಲಿ ಚಳಿ ಒಂದು ಚೂರು ಹೆಚ್ಚು. ಬೆಳ್ತಂಗಡಿ ಘಟ್ಟದ ಬುಡದಲ್ಲಿರುವುದರಿಂದ ಅಲ್ಲಿ ಗಡಾಯಿಕಲ್ಲು ಬೆಳಗ್ಗೆ ಮಂಜಿನೊಳಗೆ ಮುಳುಗಿದ್ದು, ಬಿಸಿಲೇರಿದ ಮೇಲೆ ಮೆಲ್ಲನೆ ತಲೆ ಹೊರಗೆ ಹಾಕುತ್ತದೆ. ಬ್ಯಾಂಕಿನ ಗುಮಾಸ್ತನಾಗಿ ಈ ಮೂರೂ ಊರುಗಳಲ್ಲಿ ಕೆಲಸ ಮಾಡಿದ ನನಗೆ ತಿಳಿದಿದ್ದ ಚಳಿ ಇಷ್ಟೇ. ಅರ್ಧ ತೋಳಿನ ಸ್ವೆಟರ್ ಹಾಕಿ ಕ್ಯಾಷ್ ಕೌಂಟರಿನಲ್ಲಿ ಕುಳಿತರೆ ಹತ್ತು ಗಂಟೆಗೆ ಅದನ್ನು ತೆಗೆದು ಕುರ್ಚಿಗೆ ಹಾಕಬೇಕಾಗುತ್ತಿತ್ತು.

ಅಂಥವನು 2019ರ ಜನವರಿ ಕೊನೆಯಲ್ಲಿ ಅಮೆರಿಕದ ಶಿಕಾಗೊಕ್ಕೆ ಹೋದೆ. ಅಲ್ಲಿಯವರೇ ಮರೆಯದ ಚಳಿಯೊಂದು ಆ ನಗರಕ್ಕೆ ಬಂದ ವಾರವದು. ಆ ವಾರದ ಕತೆಯನ್ನು ಮಕ್ಕಳಿಗೂ, ಮಗಳ ಮನೆಗೋ ಮಗನ ಮನೆಗೋ ವಿಮಾನ ಹತ್ತಲಿರುವ ನನ್ನಂಥ ಅಜ್ಜ ಅಜ್ಜಿಯರಿಗೂ ಹೇಳಬೇಕು ಅನಿಸಿತು.

ಒಂಬತ್ತು ವರ್ಷ, 82 ಗಂಟೆ

ಮಗಳು ಮದುವೆಯಾಗಿ ಹೋದ ವರ್ಷದಿಂದಲೇ ಕರೆಯುತ್ತಿದ್ದಳು. ಒಂದು ವರ್ಷ ಅಡಿಕೆ ಕೊಯ್ಲು, ಒಂದು ವರ್ಷ ನನ್ನವಳ ಮಂಡಿನೋವು, ಒಂದು ವರ್ಷ ಅಣ್ಣನ ಮನೆಯ ಮದುವೆ. ಹೀಗೆ ಒಂಬತ್ತು ವರ್ಷ ಮುಂದೆ ಹೋಯಿತು. ಕೊನೆಗೆ ಎರಡನೆಯ ಮಗುವಿನ ಬಾಣಂತನಕ್ಕೆ ನನ್ನವಳು ಡಿಸೆಂಬರಿನಲ್ಲೇ ಹೋದಳು. ತೋಟದ ಕೆಲಸ ಮುಗಿಸಿ ಹಿಂದಿನಿಂದ ಹೊರಡುವುದು ನನ್ನ ಪಾಲಿಗೆ ಬಂತು. ಜನವರಿ ನಡುವಿನಲ್ಲಿ ಹೆಣ್ಣು ಮಗು ಹುಟ್ಟಿತು. ನಾಮಕರಣ 30ನೇ ತಾರೀಖು ಬುಧವಾರ ಎಂದು ನಿಶ್ಚಯವಾಯಿತು. ನನ್ನ ಅಮ್ಮನ ಹೆಸರನ್ನೇ ಇಡುವುದೆಂದೂ, ಕಿವಿಯಲ್ಲಿ ಹೆಸರು ಹೇಳುವುದು ಅಜ್ಜನ ಕೆಲಸವೆಂದೂ ಮಗಳು ಫೋನಿನಲ್ಲಿ ಹೇಳಿದಳು. ಅಮ್ಮ ನನ್ನನ್ನು ಮಲಗಿಸಿದ್ದ ತೊಟ್ಟಿಲ ಬಟ್ಟೆ ಮನೆಯ ಮರದ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಅದನ್ನೂ ಬೆಳ್ಳಿಯ ಉಡಿದಾರವನ್ನೂ ಕೈಚೀಲದಲ್ಲಿಟ್ಟು 26ರ ರಾತ್ರಿ ಬಿ.ಸಿ. ರೋಡಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿದೆ.

ಶಿರಾಡಿ ಘಾಟಿ ಹತ್ತಿ ಬೆಳಗ್ಗೆ ಬೆಂಗಳೂರು. ಒಂದು ಹಗಲು ತಂಗಿಯ ಮನೆ. ಸೋಮವಾರ ನಸುಕಿನ ಮೂರು ಗಂಟೆಗೆ ವಿಮಾನ. ಹತ್ತು ಗಂಟೆ ಹಾರಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಗೋಡೆಯ ಮೇಲಿನ ಫಲಕದಲ್ಲಿ ನಮ್ಮ ಮುಂದಿನ ವಿಮಾನದ ಎದುರು ಕೆಂಪಕ್ಷರ. ಶಿಕಾಗೊದಲ್ಲಿ ಭಾನುವಾರ ರಾತ್ರಿಯಿಂದ ಹಿಮಪಾತ. ಅಲ್ಲಿನ ನೂರಾರು ವಿಮಾನಗಳು ರದ್ದಾಗಿದ್ದವು, ನಮ್ಮದೂ ಅದರಲ್ಲಿ ಒಂದು. ಇನ್ನು ಮರುದಿನವೇ.

ನನ್ನ ಬಳಿ ಜರ್ಮನಿಯ ವೀಸಾ ಇರಲಿಲ್ಲ, ಆದ್ದರಿಂದ ಊರೊಳಗೆ ಹೋಗುವಂತಿರಲಿಲ್ಲ. ನನ್ನಂಥ ಹತ್ತಾರು ಮಂದಿಗೆ ನಿಲ್ದಾಣದ ಒಳಗೇ ಮಡಚುವ ಮಂಚ, ಒಂದು ಕಂಬಳಿ, ಒಂದು ಬಾಟಲಿ ನೀರು ಕೊಟ್ಟರು. ಪಕ್ಕದ ಮಂಚದಲ್ಲಿ ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಸೆರಗಿನ ತುದಿ ಹಿಡಿದು ಕುಳಿತಿದ್ದರು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. "ಎಪ್ಪಾ, ನಾ ಎಲ್ಲಿ ಇಳದೇನಿ? ನನ್ನ ಮಗಗ ಹ್ಯಾಂಗ ತಿಳೀತೈತಿ?" ಎಂದರು. ಅವರ ಚೀಲದಲ್ಲಿ ಮಗನ ಫೋನ್ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದ ಒಂದು ರಟ್ಟು ಇತ್ತು. ನನ್ನ ಫೋನಿನಿಂದ ಮಾತಾಡಿಸಿದೆ. ಮಗನ ಧ್ವನಿ ಕೇಳಿದ್ದೇ ತಡ, ಅಜ್ಜಿ ಗಂಟು ಬಿಚ್ಚಿ ಶೇಂಗಾ ಹೋಳಿಗೆ ತೆಗೆದರು. ನಾನು ಚಕ್ಕುಲಿ ತೆಗೆದೆ. ಆ ರಾತ್ರಿ ನಮ್ಮ ಊಟ ಅದೇ.

ಹಿರಿಯರೇ, ಒಂದು ಮಾತು. ಫೋನಿನೊಳಗೆ ಎಲ್ಲ ಇದೆ ಎಂದು ಸುಮ್ಮನಿರಬೇಡಿ. ಮಕ್ಕಳ ವಿಳಾಸ ಮತ್ತು ನಂಬರನ್ನು ಆ ಅಜ್ಜಿಯ ಹಾಗೆ ರಟ್ಟಿನ ಮೇಲೆ ಬರೆದಿಟ್ಟುಕೊಳ್ಳಿ. ಬಿ.ಪಿ., ಶುಗರ್ ಮಾತ್ರೆಗಳು ಕನಿಷ್ಠ ಮೂರು ದಿನಕ್ಕಾಗುವಷ್ಟು ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ, ನಡುದಾರಿಯಲ್ಲಿ ಅದು ನಮ್ಮ ಕೈಗೆ ಸಿಗದು.

ಮಂಗಳವಾರ ವಿಮಾನ ಹತ್ತಿ ಕುಳಿತ ಮೇಲೂ ಎರಡು ಗಂಟೆ ತಡ. ಕಿಟಕಿಯಿಂದ ನೋಡಿದರೆ ಎತ್ತರದ ತೊಟ್ಟಿಲಿನಂಥ ಯಂತ್ರದಲ್ಲಿ ನಿಂತ ಒಬ್ಬ ಮನುಷ್ಯ ನಮ್ಮ ವಿಮಾನದ ರೆಕ್ಕೆಗೆ ಪೈಪಿನಿಂದ ಬಿಸಿ ದ್ರವ ಹೊಡೆಯುತ್ತಿದ್ದ. ಮಕ್ಕಳೇ, ರೆಕ್ಕೆಯ ಮೇಲೆ ತೆಳ್ಳಗೆ ಹಿಮ ಕೂತರೂ ಅದರ ನಯವಾದ ಮೈ ಒರಟಾಗುತ್ತದೆ, ಗಾಳಿ ಸರಿಯಾಗಿ ಜಾರುವುದಿಲ್ಲ, ವಿಮಾನಕ್ಕೆ ಮೇಲೇಳುವ ಶಕ್ತಿ ಸಾಲುವುದಿಲ್ಲ. ಅದಕ್ಕಾಗಿ ಗ್ಲೈಕಾಲ್ ಎಂಬ ದ್ರವವನ್ನು ನೀರಿನೊಂದಿಗೆ ಬೆರೆಸಿ, ಬಿಸಿ ಮಾಡಿ ಹೊಡೆದು ಹಿಮ ಕರಗಿಸುತ್ತಾರೆ. ಈ ಕೆಲಸ ಮುಗಿಯುವವರೆಗೆ ಯಾವ ಪೈಲಟ್ಟೂ ಹೊರಡುವುದಿಲ್ಲ. ಆ ಎರಡು ಗಂಟೆ ನನಗೆ ಬೇಸರವಾಗಲಿಲ್ಲ.

ಶಿಕಾಗೊದಲ್ಲಿ ಇಳಿದ ಮೇಲೆ ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ಬಿಚ್ಚಿಸಿದರು. ತಿನ್ನುವ ವಸ್ತು ಇದೆ ಎಂದು ಫಾರ್ಮಿನಲ್ಲಿ ಬರೆದಿದ್ದೆ. ಬಾಣಂತಿ ಲೇಹ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಬೆಲ್ಲ ಎಲ್ಲ ನೋಡಿದರು. ಕೊನೆಗೆ ಹಲಸಿನ ಹಪ್ಪಳದ ಕಟ್ಟು ಎತ್ತಿ ಇದೇನು ಎಂದರು. "ಮಳೆಗಾಲಕ್ಕೆಂದು ಬೇಸಗೆಯಲ್ಲಿ ಮಾಡಿಡುವ ತಿಂಡಿ" ಎಂದೆ. ನಕ್ಕು ಬಿಟ್ಟುಕೊಟ್ಟರು. ಮನೆಯ ಬಾಗಿಲು ದಾಟುವಾಗ ಮಂಗಳವಾರ ರಾತ್ರಿ ಏಳೂವರೆ. ಬಿ.ಸಿ. ರೋಡಿನಿಂದ 82 ಗಂಟೆ. ನಾಮಕರಣಕ್ಕೆ ಒಂದು ರಾತ್ರಿ ಮಾತ್ರ ಬಾಕಿ.

ಮೈನಸ್ ಎಂದರೆ ಎಷ್ಟು?

ನಿಲ್ದಾಣದ ಬಾಗಿಲಿನಿಂದ ಕಾರಿನವರೆಗೆ ಐವತ್ತು ಹೆಜ್ಜೆ. ಅಳಿಯ ನನಗೆ ಮೊಣಕಾಲು ಮುಟ್ಟುವ ಕೋಟು, ಕಿವಿ ಮುಚ್ಚುವ ಟೊಪ್ಪಿ, ಕೈಗವಸು ಎಲ್ಲ ತೊಡಿಸಿ, "ಮಾವ, ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಉಸಿರಾಡಿ" ಎಂದ. ಮೊದಲ ಉಸಿರಿಗೆ ಮೂಗಿನ ಒಳಗಿನ ಕೂದಲು ಗಟ್ಟಿಯಾಗಿ ಚುಚ್ಚಿತು. ಕಣ್ಣಿನಲ್ಲಿ ಬಂದ ನೀರು ರೆಪ್ಪೆಯ ಮೇಲೆ ಅಂಟಂಟಾಯಿತು.

ಮರುದಿನ ಬೆಳಗ್ಗೆ ಟಿ.ವಿ.ಯಲ್ಲಿ ಮೈನಸ್ 23 ಎಂದು ಬರುತ್ತಿತ್ತು. ಅಮೆರಿಕದವರ ಲೆಕ್ಕ ಫ್ಯಾರನ್‌ಹೀಟಿನದು. ಎರಡನೇ ತರಗತಿಯ ಮೊಮ್ಮಗ "ಅಜ್ಜ, ಇದು ಇಂಡಿಯಾದಲ್ಲಿ ಎಷ್ಟಾಗುತ್ತದೆ?" ಎಂದು ಕೇಳಿದ. ಲೆಕ್ಕ ಎಂದರೆ ನನಗೆ ಉಮೇದು. ಕಾಗದ ತೆಗೆದು ತೋರಿಸಿದೆ. ಫ್ಯಾರನ್‌ಹೀಟಿನಿಂದ 32 ಕಳೆಯಬೇಕು, 5ರಿಂದ ಗುಣಿಸಬೇಕು, 9ರಿಂದ ಭಾಗಿಸಬೇಕು. ಮೈನಸ್ 23ರಿಂದ 32 ಕಳೆದರೆ ಮೈನಸ್ 55. ಅದಕ್ಕೆ 5ರ ಗುಣಾಕಾರ ಮೈನಸ್ 275. ಅದನ್ನು 9ರಿಂದ ಭಾಗಿಸಿದರೆ ಸುಮಾರು ಮೈನಸ್ 31 ಡಿಗ್ರಿ ಸೆಲ್ಸಿಯಸ್. ನೀವೂ ಮಾಡಿ ನೋಡಿ. ಹಾಗೆಯೇ ಮೈನಸ್ 40ಕ್ಕೂ ಇದೇ ಲೆಕ್ಕ ಹಾಕಿ, ಒಂದು ತಮಾಷೆ ಸಿಗುತ್ತದೆ. ಎರಡೂ ಲೆಕ್ಕಗಳು ಅಲ್ಲಿ ಒಂದೇ ಆಗುತ್ತವೆ.

ಮೈನಸ್ 31 ಎಂದರೆ ಎಷ್ಟು ಚಳಿ? ನಮ್ಮ ಮನೆಯ ಫ್ರಿಜ್ಜಿನಲ್ಲಿ ಐಸ್‌ಕ್ರೀಮ್ ಇಡುವ ಮೇಲಿನ ಅರೆ ಮೈನಸ್ 18ರ ಆಸುಪಾಸು ಇರುತ್ತದೆ. ಆ ದಿನ ಶಿಕಾಗೊದ ರಸ್ತೆ ಅದಕ್ಕಿಂತಲೂ 13 ಡಿಗ್ರಿ ತಣ್ಣಗಿತ್ತು. ಬಂಟ್ವಾಳ ಬಿಡುವ ದಿನ ಮಧ್ಯಾಹ್ನ 32 ಡಿಗ್ರಿ ಇತ್ತು. ನಾಲ್ಕು ದಿನದಲ್ಲಿ ನಾನು 63 ಡಿಗ್ರಿ ಕೆಳಗೆ ಇಳಿದಿದ್ದೆ.

ಇದರ ಮೇಲೆ ಗಾಳಿ. ಬೆವರಿದಾಗ ಫ್ಯಾನಿನ ಕೆಳಗೆ ನಿಂತರೆ ತಂಪಾಗುತ್ತದಲ್ಲ, ಹಾಗೆ ಗಾಳಿ ಬೀಸಿದಷ್ಟೂ ಮೈಯ ಬಿಸಿ ಬೇಗ ಹಾರಿಹೋಗುತ್ತದೆ. ಗಾಳಿಯೂ ಸೇರಿ ಆ ದಿನ ಮೈಗೆ ತಾಗಿದ ಚಳಿ ಮೈನಸ್ 45ಕ್ಕೂ ಕೆಳಗಿನದು. ಮುಚ್ಚದ ಚರ್ಮ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ ಎಂದು ಟಿ.ವಿ.ಯವರು ಗಳಿಗೆಗೊಮ್ಮೆ ಎಚ್ಚರಿಸುತ್ತಿದ್ದರು. ಶಿಕಾಗೊದ ಅತಿ ಕಡಿಮೆ ದಾಖಲೆ 1985ರ ಜನವರಿ 20ರದು, ಮೈನಸ್ 27 ಫ್ಯಾರನ್‌ಹೀಟ್. ನಾವು ಅದಕ್ಕಿಂತ ನಾಲ್ಕೇ ಡಿಗ್ರಿ ಮೇಲಿದ್ದೆವು.

ಇಷ್ಟು ಚಳಿ ಎಲ್ಲಿಂದ ಬಂತು? ಉತ್ತರ ಧ್ರುವದ ಮೇಲೆ, ಬಹಳ ಎತ್ತರದಲ್ಲಿ, ಚಳಿಗಾಲದುದ್ದಕ್ಕೂ ಅತಿ ತಣ್ಣನೆಯ ಗಾಳಿ ದೊಡ್ಡ ಸುಳಿಯಾಗಿ ತಿರುಗುತ್ತಿರುತ್ತದೆ. ಬುಗುರಿ ಜೋರಾಗಿ ತಿರುಗುವಾಗ ಒಂದೇ ಕಡೆ ನೆಟ್ಟಗೆ ನಿಲ್ಲುತ್ತದೆ, ಬಲ ಕುಂದಿದಾಗ ಓಲಾಡಿ ಅತ್ತಿತ್ತ ಹೋಗುತ್ತದೆ. ಆ ಜನವರಿಯಲ್ಲಿ ಧ್ರುವದ ಬುಗುರಿಗೂ ಹಾಗಾಯಿತು. ಅದರ ಒಂದು ಭಾಗ ಜಾರಿ ಅಮೆರಿಕದ ನಡುಭಾಗಕ್ಕೆ ಇಳಿದು ಬಂತು.

ರಾತ್ರಿ ಮಲಗಿದ್ದಾಗ ಅಂಗಳದಲ್ಲಿ ಗರ್ನಾಲು ಸಿಡಿದ ಹಾಗೆ 'ಢಂ' ಎಂದು ಶಬ್ದವಾಯಿತು. ಎದ್ದು ಕೂತೆ. ಮಗಳು ನಕ್ಕು, "ಅಪ್ಪ, ಅದು ನೆಲ" ಎಂದಳು. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ. ಮಣ್ಣಿನೊಳಗಿನ ನೀರು ಒಮ್ಮೆಗೇ ಹಿಗ್ಗಿದಾಗ ನೆಲ ತಡೆಯಲಾರದೆ ಬಿರುಕು ಬಿಡುತ್ತದೆ. ಅದರ ಸದ್ದು ಅದು. ಆ ವಾರ ಶಿಕಾಗೊದ ಸುತ್ತಮುತ್ತ ಎಷ್ಟೋ ಮನೆಯವರು ಈ ಸದ್ದು ಕೇಳಿ ಗಾಬರಿಯಾಗಿದ್ದರು.

ತೊಟ್ಟಿಲು ಕಟ್ಟಿದ ದಿನ

ನಾಮಕರಣ ದೇವಸ್ಥಾನದಲ್ಲಿ ಎಂದು ಗೊತ್ತುಮಾಡಿದ್ದರು. ನಲವತ್ತು ಮಂದಿಗೆ ಊಟ ಹೇಳಿದ್ದರು. ಆ ಚಳಿಯಲ್ಲಿ ಎರಡು ವಾರದ ಮಗುವನ್ನು ಹೊರಗೆ ಒಯ್ಯುವ ಮಾತೇ ಇಲ್ಲ. ಪುರೋಹಿತರೂ ಬರುವಂತಿಲ್ಲ, ನೆಂಟರೂ ಬರುವಂತಿಲ್ಲ. ಶಾಲೆಗಳಿಗೆ ರಜೆ. ಅಮೆರಿಕದ ಅಂಚೆಯವರು ಇಲಿನಾಯ್ಸ್ ಸೇರಿ ಹಲವು ರಾಜ್ಯಗಳಲ್ಲಿ ಆ ದಿನ ಟಪಾಲು ಹಂಚುವುದನ್ನೇ ನಿಲ್ಲಿಸಿದ್ದರು. ಮಗಳ ಮುಖ ಸಪ್ಪಗಾಗಿತ್ತು.

ನನ್ನವಳು ಮಾತ್ರ, "ಆಟಿಯಲ್ಲಿ ನೆರೆ ಬಂದಾಗ ನಮ್ಮಲ್ಲಿ ಏನೂ ನಡೆಯುತ್ತಿರಲಿಲ್ಲವಾ? ಮನೆಯೊಳಗೇ ಮಾಡುವ" ಎಂದಳು. ಕುರ್ಚಿಯ ಮೇಲೆ ದೀಪ, ತಟ್ಟೆಯಲ್ಲಿ ಅಕ್ಕಿ. ಎರಡು ಮೇಜುಗಳ ನಡುವೆ ಗಟ್ಟಿ ಕೋಲು ಕಟ್ಟಿ, ಬಂಟ್ವಾಳದಿಂದ ತಂದ ತೊಟ್ಟಿಲ ಬಟ್ಟೆಯನ್ನು ಅದಕ್ಕೆ ಇಳಿಬಿಟ್ಟೆವು. ಫೋನಿನ ಪರದೆಯಲ್ಲಿ ಊರಿನ ಬಂಧುಗಳು, ಅವರಿಗೆ ಆಗ ರಾತ್ರಿ. ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ನನ್ನ ಅಮ್ಮ ಮಂಗಳೂರಿನಿಂದ ಆಚೆ ಹೋದವರಲ್ಲ. ಅವರ ಹೆಸರು ಈಗ ಮಿಷಿಗನ್ ಸರೋವರದ ದಡದ ಊರಿಗೆ ಬಂದು ಸೇರಿತು. ನನ್ನ ದನಿ ಸ್ವಲ್ಪ ಕಟ್ಟಿತು. ಮಗು ಬಾಯಿ ತೆರೆದು ಆಕಳಿಸಿತು.

ಊಟವಾದ ಮೇಲೆ ಮೊಮ್ಮಗನಿಗೆ ಒಂದು ಆಟ ಆಡಬೇಕಿತ್ತು. ಅಳಿಯ ಹಿತ್ತಲ ಬಾಗಿಲು ತೆರೆದು, ಗಾಳಿ ಬೀಸುವ ಕಡೆಗೇ, ನಮ್ಮಿಂದ ದೂರಕ್ಕೆ, ಒಂದು ಲೋಟ ಕುದಿನೀರು ಎರಚಿದ. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಎಲ್ಲವೂ ಬಿಳಿ ಹೊಗೆಯಾಗಿ ಹಾರಿತು. ಚೆಂದವೇ ಸರಿ. ಆದರೆ ಆ ವಾರ ಗಾಳಿಗೆ ಎದುರಾಗಿ ಹೀಗೆ ಎರಚಿ ಕೈ ಮುಖ ಸುಟ್ಟುಕೊಂಡವರೂ ಇದ್ದರು. ಹಾಗಾಗಿ ಇದು ದೊಡ್ಡವರು ಮಾಡಿ ಮಕ್ಕಳು ದೂರದಿಂದ ನೋಡುವ ಆಟ.

ಟಿ.ವಿ.ಯಲ್ಲಿ ಇನ್ನೊಂದು ವಿಚಿತ್ರ ಕಂಡೆವು. ರೈಲು ಹಳಿಗಳ ಪಕ್ಕ ಸಾಲಾಗಿ ಬೆಂಕಿ ಉರಿಯುತ್ತಿತ್ತು. ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಕಡೆ ಹಿಮ ತುಂಬಿ ಗಟ್ಟಿಯಾದರೆ ಹಳಿ ಸರಿಯದು. ಅದಕ್ಕಾಗಿ ಶಿಕಾಗೊದ ಮೆಟ್ರಾ ರೈಲಿನವರು ಅಲ್ಲಿ ಗ್ಯಾಸಿನ ಜ್ವಾಲೆ ಹಚ್ಚಿಡುತ್ತಾರಂತೆ. ಬೆಂಕಿಯ ನಡುವೆ ರೈಲು ನಿಧಾನಕ್ಕೆ ದಾಟುವುದನ್ನು ಮೊಮ್ಮಗ ಬಾಯಿ ಬಿಟ್ಟು ನೋಡಿದ.

ರಾತ್ರಿ ಎರಡು ಗಂಟೆಗೆ

ಅಲ್ಲಿನ ಮನೆಗಳ ನೆಲಮಾಳಿಗೆಯಲ್ಲಿ ಗ್ಯಾಸಿನಿಂದ ಉರಿಯುವ ಒಂದು ದೊಡ್ಡ ಒಲೆ ಇರುತ್ತದೆ. ಅದರ ಬಿಸಿಗಾಳಿ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಬರುತ್ತದೆ. ಆ ಬುಧವಾರ ರಾತ್ರಿ ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಏನೋ ಕಡಿಮೆಯಾಗಿದೆ ಅನಿಸಿತು. ಒಲೆಯ ಗುಂಯ್ ಎಂಬ ಸದ್ದು ನಿಂತಿತ್ತು.

ಗೋಡೆಯ ಮೇಲೆ 20 ಡಿಗ್ರಿ ಇರುತ್ತಿದ್ದುದು 16 ಆಗಿತ್ತು. ನೋಡುತ್ತಿದ್ದಂತೆ 15. ಹೊರಗೆ ಮೈನಸ್ 29ರ ಆಸುಪಾಸು. ಅಳಿಯ ಕೆಳಗೆ ಹೋಗಿ ಗುಂಡಿ ಒತ್ತಿದ. ಒಲೆ ಒಮ್ಮೆ ಹೊತ್ತಿ ಮತ್ತೆ ಆರಿತು. ರಿಪೇರಿಯವರಿಗೆ ಫೋನ್ ಮಾಡಿದರೆ, ಊರೆಲ್ಲ ಕರೆಯುತ್ತಿದೆ, ಬೆಳಗಿನವರೆಗೆ ಯಾರೂ ಇಲ್ಲ ಎಂಬ ಉತ್ತರ. ಮಗಳು ಮಗುವನ್ನು ಎದೆಗೆ ಅವಚಿಕೊಂಡಳು. ಎಲ್ಲರೂ ಒಂದೇ ಕೋಣೆಗೆ ಬಂದು ಬಾಗಿಲಿನ ಸಂದಿಗೆ ಬಟ್ಟೆ ತುರುಕಿದೆವು. ಇದ್ದ ಕಂಬಳಿಗಳೆಲ್ಲ ಮಂಚದ ಮೇಲೆ ಬಂದವು. ನನ್ನವಳು ತುಟಿಯಲ್ಲೇ ದೇವರ ಹೆಸರು ಹೇಳುತ್ತಿದ್ದಳು. 14 ಡಿಗ್ರಿ.

ಅಳಿಯ ಪಕ್ಕದ ಮನೆಗೆ ಫೋನ್ ಮಾಡಿದ. ಹತ್ತು ನಿಮಿಷದಲ್ಲಿ ಬಾಗಿಲು ತಟ್ಟಿತು. ಎಪ್ಪತ್ತು ದಾಟಿದ ಹಿರಿಯರು, ನನಗಿಂತ ಒಂದೆರಡು ವರ್ಷ ದೊಡ್ಡವರು. ತಲೆಯಿಂದ ಪಾದದವರೆಗೆ ಕವಚ ತೊಟ್ಟ ಹಾಗೆ ಬಟ್ಟೆ, ಕೈಯಲ್ಲಿ ಟಾರ್ಚು, ಒಂದು ಮರದ ಕೋಲು, ಒಂದು ಕೆಟಲಿನಲ್ಲಿ ಬಿಸಿನೀರು. ಒಳಗಿನ ಒಲೆಯನ್ನು ಅವರು ನೋಡಲೇ ಇಲ್ಲ. ನೇರ ಹೊರಗೋಡೆಯ ಹತ್ತಿರ ಹೋದರು. ಒಲೆಯ ಹೊಗೆ ಹೋಗುವ ಪ್ಲಾಸ್ಟಿಕ್ ಕೊಳವೆಯ ಬಾಯಿ ಅಲ್ಲಿರುತ್ತದೆ. ಹೊಗೆಯಲ್ಲಿರುವ ನೀರಾವಿ ಆ ಚಳಿಗೆ ಅಲ್ಲೇ ಹೆಪ್ಪುಗಟ್ಟಿ, ಕೊಳವೆಯ ಬಾಯಿಗೆ ಬೆಣೆ ಹೊಡೆದ ಹಾಗೆ ಐಸು ಕಟ್ಟಿತ್ತು. ಹೊಗೆ ಹೊರಗೆ ಹೋಗದಿದ್ದರೆ ಅಪಾಯ, ಹಾಗಾಗಿ ಒಲೆ ತಾನಾಗಿ ಆರುವಂತೆ ಮಾಡಿರುತ್ತಾರೆ. ಬಿಸಿನೀರು ಹೊಯ್ದು, ಕೋಲಿನಿಂದ ಮೆಲ್ಲಗೆ ತಟ್ಟಿ ಐಸು ಬೀಳಿಸಿದರು. ಐದು ನಿಮಿಷದ ಕೆಲಸ. ಕೆಳಗಿನಿಂದ ಗುಂಯ್ ಎಂಬ ಸದ್ದು ಎದ್ದಿತು. ಅಷ್ಟು ಇಂಪಾದ ಸಂಗೀತವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಳಗೆ ಕರೆದು ಕಾಫಿ ಕೊಟ್ಟೆವು. ಹಲಸಿನ ಹಪ್ಪಳ ಕಾಯಿಸಿ ಇಟ್ಟೆವು. ಅವರು ನಿವೃತ್ತ ಅಂಚೆಯವರು, ನಾನು ನಿವೃತ್ತ ಬ್ಯಾಂಕಿನವನು. ಮಾತಿಗೇನು ಬರ? ಅವರು 1967ರ ಜನವರಿಯ ಹಿಮಪಾತದ ಕತೆ ಹೇಳಿದರು. 26ರಂದು ಶುರುವಾಗಿ ಒಂದೇ ಸಮನೆ ಬಿದ್ದು 23 ಅಂಗುಲ ಹಿಮ, ಹೆಚ್ಚುಕಡಿಮೆ ಎರಡು ಅಡಿ. ಶಿಕಾಗೊದಲ್ಲಿ ಒಂದು ಹಿಮಪಾತಕ್ಕೆ ಅಷ್ಟು ಹಿಮ ಮತ್ತೆ ಬಿದ್ದಿಲ್ಲ. ಬಸ್ಸು ಕಾರುಗಳನ್ನು ರಸ್ತೆಯಲ್ಲೇ ಬಿಟ್ಟು ಜನ ನಡೆದು ಹೋದರಂತೆ. ಗುರುತಿಲ್ಲದವರನ್ನೂ ಮನೆಯೊಳಗೆ ಕರೆದು ಮಲಗಿಸಿದರಂತೆ. "ಅಂದಿನಿಂದ ಪಕ್ಕದ ಮನೆಯ ಫೋನ್ ಬಂದರೆ ಮೊದಲು ಬೂಟು ಹಾಕಿಕೊಳ್ಳುತ್ತೇನೆ, ಆಮೇಲೆ ಏನೆಂದು ಕೇಳುತ್ತೇನೆ" ಎಂದರು.

ನಾನು 1974ರ ನೇತ್ರಾವತಿಯ ನೆರೆಯನ್ನು ಹೇಳಿದೆ. ನಮ್ಮ ಹಿರಿಯರು 1923ರ ಪ್ರವಾಹವನ್ನು 'ಮಾರಿ ಬೊಳ್ಳ' ಎನ್ನುತ್ತಿದ್ದರು. ನಮ್ಮ ಪ್ರಾಯದವರು ಕಂಡದ್ದು 1974ರದು. ಬಂಟ್ವಾಳ ಪೇಟೆಯಲ್ಲಿ ದೋಣಿ ಹೋಗುತ್ತಿತ್ತು. ನಾನಾಗ ಹೊಸ ಗುಮಾಸ್ತ. ಲೆಡ್ಜರುಗಳನ್ನು ಹೊತ್ತು ಅಟ್ಟಕ್ಕೆ ಏರಿಸಿದೆವು. ಎತ್ತರದ ಮನೆಯವರು ತಗ್ಗಿನ ಮನೆಯವರನ್ನು, ಅವರ ದನಕರುಗಳನ್ನು ಕೂಡ, ಕರೆದುಕೊಂಡರು. ಒಂದೇ ಕಡುವಿನಲ್ಲಿ ಗಂಜಿ ಬೇಯುತ್ತಿತ್ತು. ನೆಂಜಿಕೊಳ್ಳಲು ಉಪ್ಪು ನೀರಿನಲ್ಲಿಟ್ಟ ಹಲಸಿನ ಸೊಳೆ ಮತ್ತು ಇದೇ ಹಪ್ಪಳ. ಅವರು ಕೈಯಲ್ಲಿದ್ದ ಹಪ್ಪಳವನ್ನು ತಿರುಗಿಸಿ ನೋಡಿ ಇನ್ನೊಂದು ತೆಗೆದುಕೊಂಡರು.

ನನ್ನ ಫೋನಿನಲ್ಲಿದ್ದ ಊರಿನ ಚಿತ್ರಗಳನ್ನು ತೋರಿಸಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಬಂದಾಗ ಬೆರಳಿಟ್ಟು ನಿಲ್ಲಿಸಿದರು. ಒಂದರ ಮೇಲೊಂದು ಇಳಿಜಾರಾದ ಮಾಡು ನೋಡಿ, "ನಿಮ್ಮಲ್ಲೂ ಹಿಮ ಬೀಳುತ್ತದೆಯೇ?" ಎಂದರು. 1430ರಲ್ಲಿ ಕಟ್ಟಲು ತೊಡಗಿದ ಬಸದಿ ಅದು. ಆ ಮಾಡು ನೇಪಾಳದ ಕಟ್ಟಡಗಳ ಹಾಗಿದೆ ಎಂದು ಬ್ರಿಟಿಷರ ಕಾಲದ ವಿದ್ವಾಂಸರೂ ಬರೆದಿದ್ದಾರೆ. "ಇದು ಹಿಮಕ್ಕಲ್ಲ, ಮಳೆಗೆ" ಎಂದೆ. "ಒಂದೇ ನೀರು" ಎಂದು ಹೇಳಿ ಅವರು ಕೋಟು ತೊಟ್ಟು ಹೊರಟರು.

ಬಾಗಿಲು ತೆರೆದವರು

ಎಲ್ಲರಿಗೂ ಮನೆ ಇರುವುದಿಲ್ಲ, ಪಕ್ಕದ ಮನೆಯೂ ಇರುವುದಿಲ್ಲ. ಆ ಚಳಿಗೆ ಅಮೆರಿಕದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಶಿಕಾಗೊ ನಗರದವರು ಬಸ್ಸುಗಳನ್ನು ಬಿಸಿ ಮಾಡಿ ಅಲ್ಲಲ್ಲಿ ನಿಲ್ಲಿಸಿ, ಮನೆಯಿಲ್ಲದವರು ಹತ್ತಿ ಕುಳಿತುಕೊಳ್ಳಲಿ ಎಂದು ಬಿಟ್ಟಿದ್ದರು. ಕ್ಯಾಂಡಿಸ್ ಪೇನ್ ಎಂಬ ಮಹಿಳೆಯ ಸುದ್ದಿಯಂತೂ ಎಲ್ಲ ಕಡೆ ಬಂತು. ರಸ್ತೆ ಬದಿಯ ಡೇರೆಗಳಲ್ಲಿ ಇದ್ದವರು ಏನಾದಾರು ಎಂದು ಯೋಚಿಸಿ, ಆಕೆ ತನ್ನ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಹೋಟೆಲಿನ 30 ಕೋಣೆ ಹಿಡಿದರು. ಸುದ್ದಿ ತಿಳಿದ ಇತರರು ಹಣ ಸೇರಿಸಿದರು. ಕೋಣೆಗಳು ಹೆಚ್ಚಿದವು, ನೂರಕ್ಕೂ ಹೆಚ್ಚು ಮಂದಿ ಬೆಚ್ಚಗೆ ಮಲಗಿದರು. ಬ್ಯಾಂಕಿನಲ್ಲಿ ಸಾಲದ ಎಷ್ಟೋ ಬಗೆಗಳನ್ನು ಬರೆದವನು ನಾನು. ಇಂಥದ್ದಕ್ಕೆ ಕಾರ್ಡು ಉಜ್ಜಿದವರನ್ನು ಕಂಡದ್ದು ಅದೇ ಮೊದಲು.

ಒಂದು ವಾರ ತುಂಬುವುದರೊಳಗೆ ಚಳಿ ಬಂದ ಹಾಗೆಯೇ ಹೋಯಿತು. ಫೆಬ್ರವರಿ 4ರಂದು 10 ಡಿಗ್ರಿ ಸೆಲ್ಸಿಯಸ್! ಮಾಡಿನಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿ ಊರು ನೆನಪಾಯಿತು. ಅಳಿಯ ನಮ್ಮನ್ನು ಮಿಷಿಗನ್ ಸರೋವರ ತೋರಿಸಲು ಕರೆದುಕೊಂಡು ಹೋದ. ಸರೋವರ ಎಂದರೆ ಕೆರೆ ಎಂದುಕೊಳ್ಳಬೇಡಿ. ಸುಮಾರು 58,000 ಚದರ ಕಿಲೋಮೀಟರ್. ನಮ್ಮ ದಕ್ಷಿಣ ಕನ್ನಡದಂಥ ಹನ್ನೆರಡು ಜಿಲ್ಲೆಗಳು ಅದರೊಳಗೆ ಹಿಡಿಸುತ್ತವೆ. ಆಚೆ ದಡ ಕಾಣದು. ನೀರು ಮಾತ್ರ ಉಪ್ಪಲ್ಲ, ಸಿಹಿ. ದಡದ ಹತ್ತಿರ ಐಸಿನ ತುಂಡುಗಳು ನೀರುದೋಸೆಯ ಹಾಗೆ ಒಂದಕ್ಕೊಂದು ತಾಗಿ ತೇಲುತ್ತಿದ್ದವು. "ಮೀನುಗಳಿಗೆ ಚಳಿಯಾಗುವುದಿಲ್ಲವಾ?" ಎಂದು ನನ್ನವಳ ಪ್ರಶ್ನೆ. ಅದಕ್ಕೆ ಮೊಮ್ಮಗನೇ ಉತ್ತರ ಹೇಳಿದ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದು ಅಡಿಗೆ ಹೋಗುತ್ತದೆ. ಐಸು ಹಗುರ, ಮೇಲೆ ತೇಲಿ ಕಂಬಳಿಯಂತೆ ಹೊದೆದುಕೊಳ್ಳುತ್ತದೆ. ಮೀನುಗಳು ಆ ಕಂಬಳಿಯ ಅಡಿಯಲ್ಲಿ ಇರುತ್ತವೆ.

ಅಲ್ಲಿಂದ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಟ್ಟಡಕ್ಕೆ ಹೋದೆವು. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಅಲ್ಲಿ. ಎದುರಿನ ರಸ್ತೆಯ ಒಂದು ಭಾಗಕ್ಕೆ ಅವರ ಹೆಸರಿನ ಫಲಕ ಹಾಕಿದ್ದಾರೆ. ಅವರು ಮುಂಬಯಿ ಬಿಟ್ಟದ್ದು ಮೇ 31ಕ್ಕೆ, ಶಿಕಾಗೊ ಮುಟ್ಟುವಾಗ ಜುಲೈ ಕೊನೆ. ಹಡಗಿನಲ್ಲಿ ಬೆಚ್ಚನೆಯ ಬಟ್ಟೆಯಿಲ್ಲದೆ ನಡುಗಿದ್ದರು. ಅದರ ಮುಂದೆ ನನ್ನ 82 ಗಂಟೆ ಯಾವ ಲೆಕ್ಕ?

ಮೂಡುಬಿದಿರೆಯ ನನ್ನ ಜೈನ ಮಿತ್ರರೊಬ್ಬರು ಹೊರಡುವ ಮೊದಲೇ ಹೇಳಿದ್ದರು: "ರಾಯರೇ, ವಿವೇಕಾನಂದರನ್ನು ಎಲ್ಲರೂ ನೆನೆಯುತ್ತಾರೆ. ನಮ್ಮ ವೀರಚಂದ ಗಾಂಧಿಯವರನ್ನೂ ನೋಡಿ ಬನ್ನಿ." ವೀರಚಂದ ರಾಘವಜಿ ಗಾಂಧಿ ಗುಜರಾತಿನ ಮಹುವಾದವರು, ಅದೇ ಸಮ್ಮೇಳನಕ್ಕೆ ಜೈನರ ಪ್ರತಿನಿಧಿ. ಆಗ ಅವರಿಗೆ 29 ವರ್ಷ. ಆಹ್ವಾನ ಬಂದದ್ದು ಆತ್ಮಾರಾಮಜಿ ಮುನಿಗಳಿಗೆ. ಜೈನ ಮುನಿಗಳು ಹಡಗಿನಲ್ಲಿ ಹೋಗುವಂತಿಲ್ಲ, ಆದ್ದರಿಂದ ಅವರು ಈ ತರುಣನನ್ನು ಕಳಿಸಿದರು. ಶಿಕಾಗೊದ ಹತ್ತಿರದ ಬಾರ್ಟ್ಲೆಟ್ ಎಂಬ ಊರಿನ ಜೈನ ಬಸದಿಯಲ್ಲಿ ಅವರ ಪ್ರತಿಮೆಯಿದೆ. ನಮ್ಮ ದೇಶದ ಪೇಟ ಸುತ್ತಿದ ತಲೆ. ಮಿತ್ರರಿಗಾಗಿ ಒಂದು ಚಿತ್ರ ತೆಗೆದುಕೊಂಡೆ.

ಮೂರು ತಿಂಗಳಿದ್ದು ಊರಿಗೆ ಮರಳಿದೆವು. ಅಂದು ತೊಟ್ಟಿಲ ಬಟ್ಟೆಯಲ್ಲಿ ಆಕಳಿಸಿದ ಮಗು ಈಗ ಶಾಲೆಗೆ ಹೋಗುತ್ತಾಳೆ. ನಮ್ಮಲ್ಲಿ ಆಟಿಯ ಮಳೆ ಹಿಡಿದಾಗ ಫೋನ್ ಮಾಡಿ, "ಅಜ್ಜ, ನದಿ ತೋರಿಸಿ" ಎನ್ನುತ್ತಾಳೆ. ಜಗಲಿಯಲ್ಲಿ ನಿಂತು ಕೆಂಪಾಗಿ ಹರಿಯುವ ನೇತ್ರಾವತಿಯನ್ನು ತೋರಿಸುತ್ತೇನೆ. ಹೋದ ವರ್ಷ ಅದನ್ನು ತುಂಬಾ ಹೊತ್ತು ನೋಡಿ ಕೇಳಿದಳು, "ನೀರು ಮೇಲೆ ಬಂದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ?"

ಪಕ್ಕದ ಮನೆಯವರ ಹೆಸರು ಹೇಳಿದೆ. ಅವಳಿಗೆ ಸಮಾಧಾನವಾಯಿತು.